ಇಂಗ್ಲಿಷ್ ಕ್ಲಾಸಿಗೆ ಬೈಯಬೇಡಿ: ಮಲೆನಾಡಿನಿಂದ ಅಮೆರಿಕಕ್ಕೆ ಓದಲು ಬರುವವರಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬರುವವರೇ, ಮೊದಲು ಕಾಗದ ಪತ್ರದ ಮಾತು ಮುಗಿಸಿಬಿಡೋಣ. ಪಾಸ್‌ಪೋರ್ಟ್, ವೀಸಾ, ಯೂನಿವರ್ಸಿಟಿ ಕೊಡುವ ಐ-20 ಪತ್ರ ಹಿಡಿದು ಬಂದ ವಾರವೇ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ. ಅಷ್ಟೇ.

ಇನ್ನು ಇಂಗ್ಲಿಷ್ ಕ್ಲಾಸು. ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದು ಬಂದರೂ ಎಷ್ಟೋ ಯೂನಿವರ್ಸಿಟಿಗಳು ಇಲ್ಲಿ ಮತ್ತೊಂದು ಪರೀಕ್ಷೆ ಇಡುತ್ತವೆ. ಅಂಕ ಕಡಿಮೆಯಾದರೆ ಈ ಕ್ಲಾಸು ಕಡ್ಡಾಯ. ಫೀಸು ಪೂರ್ತಿ ಕಟ್ಟಿಸಿಕೊಂಡು, ಕ್ರೆಡಿಟ್ ಮಾತ್ರ ಡಿಗ್ರಿಗೆ ಲೆಕ್ಕ ಹಿಡಿಯದ ಕಡೆಗಳೂ ಇವೆ. ಮೊದಲೇ ಕೇಳಿಕೊಳ್ಳಿ. ನಾನು ಕೇಳಲಿಲ್ಲ.

ನನಗೆ ಆ ಕ್ಲಾಸೆಂದರೆ ಉರಿ. ಶಿವಮೊಗ್ಗದಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೇ ಇಂಗ್ಲಿಷಿನಲ್ಲಿ ಅಲ್ವಾ? ಹಿಂದಿನ ಬೆಂಚಿನಲ್ಲಿ ಕೂತು ಒಂದು ತಿಂಗಳು ಬಾಯಿ ಬಿಡಲಿಲ್ಲ. ಮೇಷ್ಟ್ರ ಎದುರು ಸುಮ್ನೆ ಕೂರುವುದು ನಮ್ಮಲ್ಲಿ ಮರ್ಯಾದೆ. ಆ ಕ್ಲಾಸಿನಲ್ಲಿ ಮಾತಾಡಿದ್ದಕ್ಕೂ ಮಾರ್ಕ್ಸ್ ಇತ್ತು. ನನಗೆ ಸೊನ್ನೆ.

ಅದಕ್ಕಿಂತ ದೊಡ್ಡ ಎಡವಟ್ಟು ಪ್ರಬಂಧದ್ದು. ನಿಮ್ಮೂರಿನ ಒಂದು ಸಮಸ್ಯೆ ಬರೆಯಿರಿ ಅಂದರು. ಅಡಿಕೆಯ ಕೊಳೆರೋಗ ಆರಿಸಿಕೊಂಡೆ. ನಮ್ಮಲ್ಲಿ ಗೈಡ್ ಬಾಯಿಪಾಠ ಮಾಡಿ ಇದ್ದಂತೆ ಇಳಿಸಿದರೆ ಫಸ್ಟ್ ಕ್ಲಾಸ್. ಹಾಗೇ ಎಲ್ಲಿಂದಲೋ ಮೂರು ಪ್ಯಾರಾ ಎತ್ತಿದೆ, ಯಾರದೆಂದು ಹೇಳಲಿಲ್ಲ. ನಕಲು ಹಿಡಿಯುವ ಟರ್ನಿಟಿನ್ ಸಾಫ್ಟ್‌ವೇರ್ ಸಾಲು ಸಾಲಿಗೂ ಬಣ್ಣ ಬಳಿದು ತೋರಿಸಿತು. ಇಲ್ಲಿ ಅದು ಕಳ್ಳತನ, ಸೀಟೇ ಹೋಗಬಹುದು. ಬೇರೆಯವರ ವಾಕ್ಯವಾದರೆ ಉದ್ಧರಣ ಚಿಹ್ನೆ ಹಾಕಿ, ಯಾರದು, ಯಾವ ವರ್ಷದ್ದು ಅಂತ ಅಲ್ಲೇ ಬರೆಯಿರಿ. ಗೊತ್ತಾಗದಿದ್ದರೆ ಆಫೀಸ್ ಅವರ್ಸ್‌ನಲ್ಲಿ, ಅಂದರೆ ಮೇಷ್ಟ್ರು ವಿದ್ಯಾರ್ಥಿಗಳಿಗೆಂದೇ ಇಟ್ಟ ಹೊತ್ತಿನಲ್ಲಿ, ಹೋಗಿ ಕೇಳಿ.

ನನ್ನ ಪುಣ್ಯ, ಮೇಡಂ ದೂರು ಕೊಡಲಿಲ್ಲ. "ಇದರಲ್ಲಿ ನೀನು ಕಣ್ಣಾರೆ ಕಂಡದ್ದು ಯಾವುದು?" ಅಂದರು. ಒಂದು ಸಾಲೂ ಇರಲಿಲ್ಲ.

ಮತ್ತೆ ಬರೆದೆ. ಮಳೆಗಾಲ ಹಿಡಿಯುವ ಮುಂಚೆ ಅಪ್ಪ ಮೈಲುತುತ್ತ, ಸುಣ್ಣ ಕಲಸುವುದು. ಅಡಿಕೆ ಮರ ಹತ್ತುವ ಕೆಲಸದ ಕೊನೆಗೌಡ ಮೇಲೇರಿ ಗೊನೆಗೆ ಔಷಧಿ ಹೊಡೆಯುವುದು. ಹೊಡೆದ ಸಂಜೆಯೇ ಮಳೆ ಸುರಿದರೆ ಅಪ್ಪ ಊಟ ಬಿಟ್ಟು ಜಗಲಿಯಲ್ಲಿ ಕೂರುವುದು. ವ್ಯಾಕರಣದ ತಪ್ಪು ಬೇಕಾದಷ್ಟು. ಆದರೂ ಮೇಡಂ ಅದನ್ನು ಕ್ಲಾಸಿನಲ್ಲಿ ನನ್ನಿಂದಲೇ ಓದಿಸಿದರು. ನಾನು ಬಾಯಿ ಬಿಟ್ಟಿದ್ದು ಅವತ್ತು.

ನಮ್ಮ ಕುಪ್ಪಳಿಯ ಕುವೆಂಪು ಕೂಡ ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆದವರು. ಕನ್ನಡದಲ್ಲಿ ಬರೆಯಿರಿ ಎಂದು ಹೇಳಿದ್ದು ಐರಿಷ್ ಕವಿ ಜೇಮ್ಸ್ ಕಸಿನ್ಸ್. ನಾನು ಉಲ್ಟಾ ದಾರಿ ಹಿಡಿದೆ. ಊರಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿತೆ, ಮಗಳಿಗೂ ಅದರಲ್ಲೇ ಹೇಳುತ್ತಾ ಬಂದೆ. ಹೋದ ತಿಂಗಳು ಆ ಹಳೆಯ ಪ್ರಬಂಧ ಅವಳ ಕೈಗೆ ಸಿಕ್ಕಿತು. ಓದಿ, ಕೊಳೆರೋಗದ ಬಗ್ಗೆ ಅಜ್ಜನನ್ನೇ ಕೇಳುತ್ತೇನೆ ಅಂತ ಫೋನ್ ಹಚ್ಚಿದಳು.

"ಅಜ್ಜ, ಊಟ ಆಯ್ತಾ?" ಅಂದಳು. ಮುಂದಿನ ಮಾತು ಸಿಗದೆ ಫೋನ್ ನನ್ನ ಕೈಗೆ ಕೊಟ್ಟಳು.