ಬಡಾವಣೆಯ ಹಸಿರುಮನೆ: ಶಿವಮೊಗ್ಗದ ಮಳೆ–ಬಿಸಿಲಿಗೆ ನಾವು ಕಟ್ಟಿದ ಬಗೆ

ಹಸಿರುಮನೆ ಅಂದರೆ ಬಿಸಿ ಹಿಡಿದಿಡುವ ಗಾಜಿನ ಮನೆ ಎಂದುಕೊಂಡು ಬರುವವರೇ ಹೆಚ್ಚು. ಶಿವಮೊಗ್ಗದಲ್ಲಿ ಗಿಡಕ್ಕೆ ಚಳಿಯ ಕಾಟವಿಲ್ಲ. ಕೊತ್ತಂಬರಿ ಕೊಳೆಯುವುದು ಪುನರ್ವಸು, ಪುಷ್ಯ ಮಳೆಗೆ. ಬಾಡುವುದು ಏಪ್ರಿಲ್ ಬಿಸಿಲಿಗೆ. ಹಾಗಾಗಿ ಬಡಾವಣೆಯ ಉದ್ಯಾನದ ಮೂಲೆಯಲ್ಲಿ ನಾವು ಕಟ್ಟಿದ್ದು ಒಂದು ದೊಡ್ಡ ಕೊಡೆ ಅನ್ನಬಹುದು. ತಲೆಯ ಮೇಲೆ ಪಾಲಿಹೌಸ್ ಶೀಟು (ಬೆಳಕು ಬಿಡುವ ಪ್ಲಾಸ್ಟಿಕ್ ಹಾಳೆ), ಸುತ್ತಲೂ ಗಾಳಿ.

ಜನ ಕೂರುವ ಜಾಗವನ್ನು ಗಿಡಗಳ ನಡುವೆ ಇಡಲಿಲ್ಲ. ಶೀಟಿನ ಕೆಳಗೆ ಮಧ್ಯಾಹ್ನ ಮನುಷ್ಯರಿಗೆ ಕೂರಲಾಗದು, ಮಳೆಗಾಲದಲ್ಲಿ ಮೈಯೆಲ್ಲ ಅಂಟಂಟು. ಒಂದೇ ಮಾಡಿನ ಉದ್ದಕ್ಕೆ ಎರಡು ಹೊದಿಕೆ ಹಾಕಿದೆವು: 24 ಅಡಿ ಅಗಲ, 40 ಅಡಿ ಉದ್ದದಲ್ಲಿ 24 ಅಡಿ ಗಿಡಕ್ಕೆ, 16 ಅಡಿ ಮಂಗಳೂರು ಹೆಂಚಿನ ಜಗಲಿಗೆ. ಜಗಲಿಯಲ್ಲಿ ಒಬ್ಬರಿಗೆ 10 ಚದರಡಿ ಲೆಕ್ಕ ಹಿಡಿದರೆ 35–38 ಜನ ಆರಾಮಾಗಿ ಕೂರುತ್ತಾರೆ. ಜಗಲಿ ಉತ್ತರದ ತುದಿಯಲ್ಲೇ ಇರಬೇಕು. ದಕ್ಷಿಣಕ್ಕಿಟ್ಟರೆ ಚಳಿಗಾಲದ ನೆರಳೆಲ್ಲ ಮಡಿಗಳ ಮೇಲೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹೋಗುತ್ತಾನೆ, ನಿಜ. ಆದರೆ ಆಗ ಮಡಿಗಳ ಕಡೆಗೆ ಬೀಳುವ ನೆರಳು ಮೂರು ಅಡಿ ಮೀರುವುದಿಲ್ಲ.

ಮಾಡಿನ ದಿಕ್ಕು ಉತ್ತರ–ದಕ್ಷಿಣ, ಅಂಚಿನ ಎತ್ತರ 10 ಅಡಿ, ನೆತ್ತಿ 17 ಅಡಿ. ಇಳಿಜಾರು 30 ಡಿಗ್ರಿಯಷ್ಟಾಗುತ್ತದೆ. ಇದಕ್ಕಿಂತ ಕಡಿಮೆಯಾದರೆ ಹೆಂಚಿನ ಸಂದಿಯಲ್ಲಿ ನೀರು ಹಿಂದಕ್ಕೆ ಏರುತ್ತದೆ. ಗಿಡದ ಭಾಗದಲ್ಲಿ ಪಡುವಣ ಇಳಿಜಾರಿನ ಮೇಲಂಚನ್ನು ಮೂಡಣದ್ದಕ್ಕಿಂತ ಎರಡೂವರೆ ಅಡಿ ಎತ್ತರಿಸಿ, ನಡುವೆ ಉಳಿದ ಬಾಯಿಯನ್ನು ಮೂಡಣಕ್ಕೆ ತೆರೆದಿದ್ದೇವೆ. ಮುಂಗಾರು ಗಾಳಿ ಪಡುವಣದಿಂದ ಬರುವುದರಿಂದ ಎರಚಲು ಒಳಗೆ ನುಗ್ಗುವುದಿಲ್ಲ, ಬಿಸಿಗಾಳಿ ಮಾತ್ರ ಮೇಲಿಂದ ಹೊರಟುಹೋಗುತ್ತದೆ. ಬಾಯಿ ಪಡುವಣಕ್ಕಿದ್ದರೆ ಗಾಳಿ ಒಳಹೊಕ್ಕು ಶೀಟನ್ನು ಕೆಳಗಿಂದ ಎತ್ತುತ್ತದೆ, ಒಂದೇ ಮಳೆಗಾಲಕ್ಕೆ ಹರಿಯುತ್ತದೆ.

ಕಂಬಗಳು 8 ಅಡಿಗೊಂದು, ಎರಡೂ ಬದಿ ಆರಾರು. ಗಿಡದ ಕಡೆ 2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಸಾಕು. ಜಗಲಿಗೆ 3 ಇಂಚು ಬೇಕು: ಸುಮಾರು 650 ಹೆಂಚು, ಒಂದಕ್ಕೆ ಎರಡೂವರೆ ಕೆ.ಜಿ. ಹಿಡಿದರೂ 1600 ಕೆ.ಜಿ. ದಾಟಿತು, ನೆನೆದರೆ ಇನ್ನೂ ಹೆಚ್ಚು. ಶೀಟಿನ ಕಡೆ ಭಾರಕ್ಕಿಂತ ಗಾಳಿಯ ಎಳೆತದ ಭಯ. ಒಂದಡಿ ಚದರದ, ಎರಡೂವರೆ ಅಡಿ ಆಳದ ಗುಂಡಿಗೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿದರೆ ಕಂಬದ ಬುಡಕ್ಕೆ 170 ಕೆ.ಜಿ. ಹತ್ತಿರ ತೂಕ ಸಿಗುತ್ತದೆ. ಕಂಬದ ತಳದಲ್ಲಿ ತೂತು ಕೊರೆದು ಅಡ್ಡ ಸರಳು ತೂರಿಸಿದರೆ ಪೈಪು ಕಾಂಕ್ರೀಟಿನಿಂದ ಜಾರಿ ಮೇಲೆ ಬರುವುದಿಲ್ಲ. ಜೋಡಣೆಗೆಲ್ಲ ಕ್ಲ್ಯಾಂಪು, ಬೋಲ್ಟು. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟು ಮೊದಲ ತುಕ್ಕು ಅಲ್ಲೇ ಹಿಡಿಯುತ್ತದೆ. ಉದ್ಯಾನದ ಜಾಗವಾದ್ದರಿಂದ ಪಾಲಿಕೆಯ ಲಿಖಿತ ಅನುಮತಿ ಬೇಕು. ಬಿಚ್ಚಿ ಒಯ್ಯಬಹುದಾದ ರಚನೆ ಎಂದು ನಕ್ಷೆಯಲ್ಲೇ ತೋರಿಸುವುದು ಒಳ್ಳೆಯದು.

ಶೀಟು 200 ಮೈಕ್ರಾನ್, ಯುವಿ ತಡೆಯುವಂಥದ್ದು, ಒಳಮೈ ಹನಿ ಕಟ್ಟದ್ದು. ಗಾಳಿಯಿಲ್ಲದ, ಬಿಸಿಲೇರಿದ ಹೊತ್ತಿನಲ್ಲಿ ಎಳೆದು ಕಟ್ಟಬೇಕು. ತಣ್ಣನೆಯ ಬೆಳಗ್ಗೆ ಕಟ್ಟಿದ್ದು ಮಧ್ಯಾಹ್ನ ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತದೆ. ಕಾದ ಪೈಪು ತಾಗುವ ಜಾಗದಲ್ಲಿ ಶೀಟು ಬೇಗ ಸೀಳುವುದರಿಂದ ಪೈಪಿಗೆ ಬಿಳಿ ಬಣ್ಣ ಬಳಿಯಬೇಕು. ಹೆಂಚು, ಶೀಟು ಕೂಡುವ ಗೆರೆಯೇ ಸೋರುವ ಜಾಗ. ಅಲ್ಲಿ ಸತುವಿನ ತಗಡಿನ ದೋಣಿ ಮಾಡಿ ಹೆಂಚನ್ನು ಅದರ ಮೇಲೆ 9 ಇಂಚು ಚಾಚಿಸಿದ್ದೇವೆ.

ಪಕ್ಕಗಳಿಗೆ ಕೀಟಬಲೆ ಹಾಕಲಿಲ್ಲ, ಸಸಿಮಡಿಯ ಮೇಜಿಗೆ ಮಾತ್ರ. ನವಿರಾದ ಬಲೆ ಗಾಳಿ ತಡೆಯುತ್ತದೆ, ಜೇನುಹುಳವನ್ನೂ ತಡೆಯುತ್ತದೆ. ಆಮೇಲೆ ಸೌತೆ, ಕುಂಬಳಕ್ಕೆ ಕೈಯಿಂದ ಪರಾಗ ಮುಟ್ಟಿಸುತ್ತ ಕೂರಬೇಕು. ಬದಲಿಗೆ ಒಂದಿಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸೆದ ತಂತಿಬಲೆ. ಮಲೆನಾಡಿನಲ್ಲಿ ನಿಜವಾದ ಕೀಟ ಮಂಗ ತಾನೆ! ಮಾಡಿನ ಹತ್ತಿರದ ಕೊಂಬೆಗಳನ್ನೂ ಕಡಿಸಿ. ಅಲ್ಲಿಂದ ಶೀಟಿನ ಮೇಲೆ ಹಾರಿದರೆ ಮುಗಿಯಿತು.

ಒಳಗಿನ ಅಳತೆ ಅಗಲದಲ್ಲಿ ಹೀಗಿದೆ: ಒಂದು ಬದಿಯ ಮಡಿ 2 ಅಡಿ, ದಾರಿ 4, ಮಡಿ 4, ದಾರಿ 4, ಮಡಿ 4, ದಾರಿ 4, ಇನ್ನೊಂದು ಬದಿ 2. ಎರಡೂ ಕಡೆಯಿಂದ ಕೈ ಎಟುಕುವ ಮಡಿ 4 ಅಡಿ ಮೀರಬಾರದು, ಒಂದೇ ಕಡೆಯಿಂದಾದರೆ ಎರಡೇ. ನಾಲ್ಕಡಿ ದಾರಿಯಲ್ಲಿ ಗಾಲಿಕುರ್ಚಿ ಸಲೀಸು. ಮಡಿಯ ಉದ್ದ 20 ಅಡಿ, ಜಂಬಿಟ್ಟಿಗೆ ಕಟ್ಟೆಯ ಎತ್ತರ 2 ಅಡಿ. ವಯಸ್ಸಾದವರು ಅಂಚಿನಲ್ಲಿ ಕೂತೇ ಕಳೆ ಕೀಳುತ್ತಾರೆ. ದಾರಿಗೆ ಮಾತ್ರ ಜಂಬಿಟ್ಟಿಗೆ ಬೇಡ, ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಒರಟು ಕಲ್ಲು ಚಪ್ಪಡಿ ಹಾಸಿ. ಕೂರುವ ಬೆಂಚಿಗೆ ಬಲಿತ ಅಡಿಕೆ ದಬ್ಬೆ ಚೆನ್ನ, ನೆಲಕ್ಕೆ ತಾಗದಿದ್ದರೆ ಬಾಳಿಕೆ ಬರುತ್ತದೆ. ಜಗಲಿಯ ಪಡುವಣ ಬದಿಗೆ ಮೂರಡಿ ಗೋಡೆ, ಮೇಲೆ ದಬ್ಬೆಯ ಜಾಲರಿ.

ಇಡೀ ಮಾಡಿನ ಮೇಲೆ ಒಂದು ಮಿ.ಮೀ. ಮಳೆಗೆ ಸುಮಾರು 89 ಲೀಟರ್ ಬೀಳುತ್ತದೆ, ಕೈಗೆ ಸಿಗುವುದು 75. ಅಂದರೆ 40 ಮಿ.ಮೀ. ಮಳೆಗೆ 3000 ಲೀಟರ್. ಮಾಡಿನ ಅಂಚಿನ ದೋಣಿಗೆ 40 ಅಡಿಗೆ 5 ಇಂಚು ಇಳಿಜಾರು, ಮೊದಲ ಕೊಳೆನೀರಿಗೆ 100 ಲೀಟರ್ ಡ್ರಮ್ಮು, ಆಮೇಲೆ 5000 ಲೀಟರ್ ಟ್ಯಾಂಕು, ಹೆಚ್ಚಿದ್ದು ಇಂಗುಗುಂಡಿಗೆ. ಬೇಸಿಗೆಯಲ್ಲಿ ಈ ಮಡಿಗಳು ದಿನಕ್ಕೆ 100 ಲೀಟರ್ ಕುಡಿಯುತ್ತವೆ, ಟ್ಯಾಂಕು ಐವತ್ತು ದಿನಕ್ಕೆ ಖಾಲಿ. ಡಿಸೆಂಬರಿನಿಂದ ಮೇವರೆಗೆ ಮಳೆನೀರೊಂದನ್ನೇ ನಂಬುವ ಯೋಜನೆ ಕಾಗದದ ಮೇಲಷ್ಟೇ ಚೆಂದ. ಬೇರೆ ನೀರು ಬೇಕೇ ಬೇಕು. ಆರಡಿ ಸ್ಟ್ಯಾಂಡಿನ ಮೇಲಿನ ಸಣ್ಣ ಟ್ಯಾಂಕಿನ ಒತ್ತಡಕ್ಕೆ ಒತ್ತಡ ಸರಿದೂಗಿಸುವ ಡ್ರಿಪ್ಪರ್ (ಹನಿ ನೀರಾವರಿಯ ಬಿಲ್ಲೆ) ತೊಟ್ಟಿಕ್ಕುವುದಿಲ್ಲ, ಮೈಕ್ರೋಟ್ಯೂಬ್ ಎಂಬ ಸಪೂರ ಕೊಳವೆ ಹಾಕಿ. ಎಲ್ಲ ಟ್ಯಾಂಕಿನ ಬಾಯಿಗೂ ಸೊಳ್ಳೆಬಲೆ ಕಡ್ಡಾಯ. ಜನ ಸೇರುವಲ್ಲಿ ಡೆಂಗಿ ಸಾಕಬಾರದು.

ಜೂನ್‌ನಿಂದ ಸೆಪ್ಟೆಂಬರ್ ಕೊತ್ತಂಬರಿ, ಮೆಂತೆ, ಪಾಲಕ್. ದೀಪಾವಳಿ ಕಳೆದ ಮೇಲೆ ಟೊಮೆಟೊ, ಬೀನ್ಸ್. ನಮ್ಮ ಹುಳಿಮಣ್ಣಿನಲ್ಲಿ ಟೊಮೆಟೊ ನಿಂತಲ್ಲೇ ಸೊರಗುವುದು ಹೆಚ್ಚು, ಅದಕ್ಕೆ ರೋಗ ತಾಳುವ ಅರ್ಕಾ ರಕ್ಷಕ್ ತಳಿ ಆರಿಸಿಕೊಂಡೆವು. ಹುಳಿ ಇಳಿಸಲು ಸುಣ್ಣ ಎಷ್ಟೆಂದು ಮಣ್ಣು ಪರೀಕ್ಷೆಯೇ ಹೇಳಬೇಕು. ಮಾರ್ಚ್‌ನಿಂದ ಶೇ. 50ರ ನೆರಳುಬಲೆ ಎಳೆದು ಬಸಳೆ, ಹರಿವೆ ಮಾತ್ರ. ಬಸವನಹುಳುವನ್ನು ಸಂಜೆ ಟಾರ್ಚು ಹಿಡಿದು ಆರಿಸುವುದೇ ಸರಿ. ಮಕ್ಕಳು, ನಾಯಿ ಓಡಾಡುವಲ್ಲಿ ವಿಷದ ಗುಳಿಗೆ ಹಾಕಬೇಡಿ.

ಗಂಧಕ ಸಿಂಪಡಿಸಿದರೆ ಶೀಟಿನ ಆಯುಸ್ಸು ಇಳಿಯುತ್ತದೆ. ಇಲ್ಲದಿದ್ದರೆ ಸುಮಾರು ಮೂರು ವರ್ಷ. ಮಳೆಗಾಲ ಮುಗಿದೊಡನೆ ಮೆತ್ತನೆಯ ಬಟ್ಟೆಯಲ್ಲಿ ಪಾಚಿ ಒರೆಸಿ. ಹೊಸ ಶೀಟು ಹಾಕುವುದಾದರೆ ಮುಂಗಾರಿಗೆ ಮುಂಚೆ, ಮೇ ಮೊದಲ ವಾರದೊಳಗೆ ಮುಗಿಸಿ.