ಪರಾಗದ ಗೀರು ಎಣಿಸಿ, ಹೂವಿನ ಬಳಗ ಹುಡುಕಿ

ತಾವರೆ, ನೈದಿಲೆ ಎರಡೂ ಕೆರೆಯ ಹೂಗಳು. ಅಗಲವಾದ ದುಂಡನೆ ಎಲೆ, ಕೆಸರಿನಲ್ಲಿ ಬೇರು, ಸುತ್ತುಸುತ್ತಾಗಿ ಎಸಳು. ನೋಡಿದವರು ಅಕ್ಕತಂಗಿಯರು ಅನ್ನಲೇಬೇಕು. ಸಸ್ಯಶಾಸ್ತ್ರಜ್ಞರೂ ಬಹಳ ಕಾಲ ಇವೆರಡನ್ನು ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ಇವುಗಳ ಪರಾಗ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಅದನ್ನು ನೀವೇ ನೋಡಬಹುದು. ಕಾಲೇಜುಗಳಲ್ಲಿ ಇರುವ, 400 ಪಟ್ಟು ದೊಡ್ಡದಾಗಿ ತೋರಿಸುವ ಮಾಮೂಲಿ ಮೈಕ್ರೋಸ್ಕೋಪ್ ಸಾಕು.

ಮೊದಲು ಹೂ. ಬೆಳಿಗ್ಗೆ ಆಗತಾನೇ ಅರಳಿದ್ದನ್ನು ಕೊಯ್ಯಿರಿ. ಮಧ್ಯಾಹ್ನದ ಹೊತ್ತಿಗೆ ಜೇನುಹುಳಗಳು ಬಂದುಹೋಗಿರುತ್ತವೆ, ಬೇರೆ ಹೂವಿನ ಪರಾಗವೂ ಸೇರಿಬಿಟ್ಟಿರುತ್ತದೆ. ಕೇಸರದ ತುದಿಯನ್ನು ಗಾಜಿನ ಸ್ಲೈಡ್ ಮೇಲೆ ತಟ್ಟಿ. ಪುಡಿಯ ಮೇಲೆ ಒಂದು ಹನಿ ಸರ್ಜಿಕಲ್ ಸ್ಪಿರಿಟ್ ಬಿಡಿ. ಪರಾಗಕ್ಕೆ ಅಂಟಿದ ಎಣ್ಣೆಯಂಥ ಪದಾರ್ಥ ಕರಗಿ ಅಂಚಿಗೆ ಸರಿಯುತ್ತದೆ. ಅದನ್ನು ಹತ್ತಿಯಿಂದ ಒರೆಸಿ. ಹತ್ತಿರ ಬೆಂಕಿ ಇರಕೂಡದು. ಒಣಗಿದ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ, ತೆಳು ಗಾಜಿನ ಕವರ್ ಸ್ಲಿಪ್ ಮುಚ್ಚಿ. ಸ್ಯಾಫ್ರನಿನ್ ಬಣ್ಣ ಸಿಕ್ಕರೆ ಚೂರೇ ಚೂರು ಬೆರೆಸಿ. ನೀರು ಮಾತ್ರ ಬೇಡ. ನೀರು ಕುಡಿದ ಪರಾಗ ಉಬ್ಬುತ್ತದೆ, ಕೆಲವೊಮ್ಮೆ ಒಡೆದೇ ಹೋಗುತ್ತದೆ. ಪ್ರಯೋಗಾಲಯಗಳಲ್ಲಿ ಆಮ್ಲಗಳ ಮಿಶ್ರಣದಿಂದ ಒಳಗಿನದನ್ನೆಲ್ಲ ಕರಗಿಸಿ ಬರೀ ಕವಚ ಉಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಅದಕ್ಕೆ ಕೈ ಹಾಕಬೇಡಿ.

ಈಗ ನೋಡುವ ಕೆಲಸ. ರೇಣುಗಳು, ಅಂದರೆ ಪರಾಗದ ಒಂದೊಂದು ಕಣ, ಬಿಡಿಬಿಡಿಯಾಗಿವೆಯೇ, ಅಂಟಿಕೊಂಡಿವೆಯೇ? ಮುಟ್ಟಿದರೆ ಮುನಿಯಲ್ಲಿ ನಾಲ್ಕು ನಾಲ್ಕು ಒಟ್ಟಿಗೆ ಇರುತ್ತವೆ. ರಸ್ತೆ ಬದಿಯ ಅಕೇಶಿಯಾದಲ್ಲಿ 16 ರೇಣುಗಳು ಸೇರಿ ಒಂದು ಪುಟ್ಟ ಬಿಲ್ಲೆ. ಎಕ್ಕದಲ್ಲಂತೂ ಪರಾಗವೆಲ್ಲ ಮೇಣದ ಚೀಲದಂಥ ಗಟ್ಟಿ ಮುದ್ದೆ.

ಬಿಡಿಯಾಗಿದ್ದರೆ ಬಾಯಿ ಹುಡುಕಿ. ರೇಣು ಮೊಳೆತಾಗ ಬೆಳೆಯುವ ಸಣ್ಣ ಕೊಳವೆ, ಅಂದರೆ ಪರಾಗನಾಳ, ಹೊರಬರುವ ಜಾಗವನ್ನು ಬಾಯಿ ಅನ್ನೋಣ. ಉದ್ದಕ್ಕಿದ್ದರೆ ಗೀರು, ದುಂಡಗಿದ್ದರೆ ತೂತು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ. ತೆಂಗಿನ ರೇಣುವಿಗೆ ಒಂದೇ ಗೀರು, ಗೋಧಿ ಕಾಳಿನ ಹೊಟ್ಟೆಯ ಗೀರಿನ ಹಾಗೆ. ಏಕದಳ ಸಸ್ಯಗಳಲ್ಲಿ ಇದು ತುಂಬ ಸಾಮಾನ್ಯ. ಭತ್ತ, ರಾಗಿ, ಜೋಳಕ್ಕೆ ಗೀರಿನ ಬದಲು ಒಂದು ತೂತು, ಅದರ ಸುತ್ತ ಬಳೆಯಂಥ ಅಂಚು. ಮಾವು, ಹುಣಸೆ, ಸೂರ್ಯಕಾಂತಿಗೆ ಮೂರು ಗೀರು. ದ್ವಿದಳಗಳ ದೊಡ್ಡ ಪಂಗಡದ ಗುರುತೇ ಈ ಮೂರು. ಆದರೆ ಸಂಪಿಗೆ ನೋಡಿ, ಕಾಳುಮೆಣಸು ನೋಡಿ. ಬೀಜದಲ್ಲಿ ಎರಡು ದಳ, ಪರಾಗದಲ್ಲಿ ಒಂದೇ ಗೀರು! ದ್ವಿದಳಗಳೆಲ್ಲ ಒಂದೇ ಗುಂಪು ಎಂಬ ಹಳೆಯ ಲೆಕ್ಕ ಸಡಿಲವಾಗಲು ಇದೂ ಒಂದು ಕಾರಣ.

ಒಂದು ಎಚ್ಚರಿಕೆ. ಪಕ್ಕದಿಂದ ನೋಡಿದರೆ ಮೂರು ಗೀರಿನ ರೇಣುವಿನಲ್ಲೂ ಒಂದೋ ಎರಡೋ ಮಾತ್ರ ಕಾಣುತ್ತವೆ. ಕವರ್ ಸ್ಲಿಪ್ಪಿನ ಅಂಚನ್ನು ಸೂಜಿಯಿಂದ ಮೆಲ್ಲಗೆ ತಟ್ಟಿ, ರೇಣು ಉರುಳುತ್ತದೆ. ಫೋಕಸ್ ಮೇಲೆ ಕೆಳಗೆ ಮಾಡಿ. ಇಪ್ಪತ್ತು ರೇಣುಗಳನ್ನಾದರೂ ನೋಡದೆ ತೀರ್ಮಾನಕ್ಕೆ ಬರಬೇಡಿ.

ಆಮೇಲೆ ಮೈ. ದಾಸವಾಳಕ್ಕೂ ಮುಳ್ಳು, ಸೂರ್ಯಕಾಂತಿಗೂ ಮುಳ್ಳು, ಕುಂಬಳಕ್ಕೂ ಮುಳ್ಳು. ಮುಳ್ಳೊಂದನ್ನೇ ನೋಡಿ ನೆಂಟಸ್ತನ ಕಟ್ಟಿದರೆ ತಪ್ಪಾಗುತ್ತದೆ, ಅಲ್ವಾ? ಬಾಯಿ ಎಣಿಸಿದ್ದರೆ ಗೊಂದಲವಿಲ್ಲ. ಸೂರ್ಯಕಾಂತಿಗೆ ಮೂರು, ದಾಸವಾಳಕ್ಕೆ ಮೈತುಂಬ ತೂತು, ಕುಂಬಳದ ತೂತುಗಳಿಗೆ ಪುಟ್ಟ ಮುಚ್ಚಳ. ಸೀಬೆ, ನೇರಳೆ, ನೀಲಗಿರಿ ಒಂದೇ ಕುಟುಂಬದವು. ಮೂರರ ಪರಾಗವೂ ಮೇಲಿನಿಂದ ಪುಟ್ಟ ತ್ರಿಕೋನ.

ಗಾತ್ರ ಕೊನೆಗೆ. 10 ಪಟ್ಟಿನ ಆಬ್ಜೆಕ್ಟಿವ್ (ಸ್ಲೈಡ್ ಕಡೆಗಿನ ಮಸೂರ) ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟು ಕಾಣುವ ವೃತ್ತದ ಅಗಲ ಅಳೆಯಿರಿ. ಅದು 1.8 ಮಿಲಿಮೀಟರ್ ಇದ್ದರೆ, 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ 0.45 ಮಿಲಿಮೀಟರ್, ಅಂದರೆ 450 ಮೈಕ್ರಾನ್. ರೇಣು ಆ ವೃತ್ತದ ಅಗಲದ ಎಷ್ಟನೇ ಪಾಲು ಎಂದು ಅಂದಾಜಿಸಿದರೆ ಅದರ ಗಾತ್ರ ಸಿಗುತ್ತದೆ. ದಾಸವಾಳದ ರೇಣು 100 ಮೈಕ್ರಾನ್ ದಾಟುತ್ತದೆ, ಬರಿಗಣ್ಣಿಗೂ ಚುಕ್ಕಿಯಾಗಿ ಕಾಣುತ್ತದೆ. ಇಷ್ಟೆಲ್ಲ ನೋಡಿದರೂ ಸಿಗುವುದು ಹೆಚ್ಚಾಗಿ ಕುಟುಂಬದ ಗುರುತು. ಹುಲ್ಲುಗಳ ಪರಾಗವಂತೂ ಎಲ್ಲ ಒಂದೇ ತರಹ, ಇದು ಭತ್ತ, ಇದು ರಾಗಿ ಎಂದು ಹೇಳುವುದು ಬಲು ಕಷ್ಟ.

ಈಗ ಕೆರೆಯ ಹೂಗಳನ್ನು ತನ್ನಿ. ನೈದಿಲೆಯ ರೇಣುವಿಗೆ ಸುತ್ತಲೂ ಉಂಗುರದಂತೆ ಒಂದೇ ಗೀರು, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ. ತಾವರೆಯ ಹೆಚ್ಚಿನ ರೇಣುಗಳಲ್ಲಿ ಮೂರು ಗೀರು! ಆಮೇಲೆ ಡಿಎನ್‌ಎ ಪರೀಕ್ಷೆಯೂ ಇದನ್ನೇ ಹೇಳಿತು. ತಾವರೆಯ ನೆಂಟ ಕೆರೆಯಲ್ಲಿಲ್ಲ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇರುವ ಬಳಗದಲ್ಲಿದೆ. ಆ ಮರ ಹೂ ಬಿಟ್ಟಾಗ ಅದರದ್ದೂ ಒಂದು ಸ್ಲೈಡ್ ಮಾಡಿ. ತ್ರಿಕೋನದ ರೇಣು, ಮೂಲೆಗೊಂದರಂತೆ ಮೂರು ತೂತು ಕಾಣುತ್ತವೆ.