ಪಿಕಪ್‌ಗೆ ಹೊಸ ಟೈರ್ ಹಾಕಿಸುವ ಮೊದಲು

ಟೊಮೇಟೊ ಸೀಸನ್‌ಗೆ ಮುಂಚೆ ಗಾಡಿ ರೆಡಿ ಮಾಡಿಸುತ್ತಿರುವವರಿಗೆ ಒಂದು ಮಾತು. ಅಂಗಡಿಗೆ ಹೋದ ತಕ್ಷಣ ರೇಟ್ ಕೇಳಬೇಡಿ. ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ.

ಸೈಜ್ ಒಂದೇ ಇದ್ದರೆ ಸಾಲದು. ಸೈಜಿನ ನಂತರ ಬರುವ ನಂಬರ್ ಆ ಟೈರ್ ಎಷ್ಟು ಭಾರ ಹೊರುತ್ತದೆ ಅಂತ ಹೇಳುತ್ತದೆ. 91 ಅಂದರೆ ಒಂದು ಟೈರಿಗೆ 615 ಕೆಜಿ, 100 ಅಂದರೆ 800, 106 ಅಂದರೆ 950. ಗಾಡಿಯ ಮ್ಯಾನುಯಲ್‌ನಲ್ಲಿ ಇರುವುದಕ್ಕಿಂತ ಕಡಿಮೆ ನಂಬರ್ ಬೇಡವೇ ಬೇಡ. ನಾನು ಒಮ್ಮೆ ದುಡ್ಡು ಉಳಿಸೋಣ ಅಂತ ಕಾರಿನ ಟೈರ್ ಹಾಕಿಸಿದ್ದೆ. ಶ್ರೀನಿವಾಸಪುರದಿಂದ ಕೋಲಾರ ಎಪಿಎಂಸಿಗೆ ಲೋಡ್ ತರುವಾಗ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂತು! ಬಾಕ್ಸ್‌ಗಳನ್ನೆಲ್ಲ ಬೇರೆ ಗಾಡಿಗೆ ಹಾಕಿಸಿ, ಮಾರ್ಕೆಟ್ ತಲುಪುವಷ್ಟರಲ್ಲಿ ಹರಾಜೇ ಮುಗಿದಿತ್ತು.

ಇನ್ನೊಂದು, ತಾರೀಖು. ಟೈರಿನ ಪಕ್ಕದಲ್ಲಿ ಡಿಓಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಆಫರ್ ಅಂತ ಹಳೇ ಸ್ಟಾಕ್ ಕೊಡುವವರು ಇರುತ್ತಾರೆ, ಹುಷಾರು.

ಎರಡೇ ಟೈರ್ ತಗೊಳ್ಳುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಹಿಂಭಾಗ ಜಾರುವುದು ಕಡಿಮೆ. ಹಾಗಂತ ಸವೆದದ್ದನ್ನು ಮುಂದೆ ಓಡಿಸಬೇಡಿ. ಟೈರಿನ ಮೇಲ್ಮೈಯ ಗೆರೆಗಳ (ಗ್ರೂವ್) ಆಳ 1.6 ಮಿಲಿಮೀಟರ್‌ಗೆ ಇಳಿದರೆ ಆ ಟೈರಿನ ಆಯಸ್ಸು ಮುಗೀತು. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಅದೇ ದಿನ ಮಾಡಿಸಿಬಿಡಿ. ಗಾಳಿ ಮಾತ್ರ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿ.